ಕುಂಡದ ಜುನಿಪರ್, ಚೀಲದ ಲಿಂಬೆ: ಹೊಸದಾಗಿ ಗಿಡ ಸಾಕುವವರಿಗೆ ಬೇರಿನ ಪಾಠ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಲಿಂಬೆ ಬೆಳೆಗಾರರ ತರಬೇತಿಯಲ್ಲಿ ಮಾಡಿದ ಭಾಷಣದ ಪಾಠ)



ಜೋಳದ ಬಿತ್ತನೆ ಕೆಟ್ಟರೆ ಒಂದು ಹಂಗಾಮು ಹೋಗುತ್ತದೆ. ಮುಂದಿನ ವರ್ಷ ಮತ್ತೆ ಬಿತ್ತಬಹುದು. ಲಿಂಬೆಯ ಮಾತು ಹಾಗಲ್ಲ. ಬೀಜದಿಂದ ಬೆಳೆಸಿದ ಕಾಗಜಿ ಲಿಂಬೆ ಫಲ ಕೊಡಲು ನಾಲ್ಕರಿಂದ ಐದು ವರ್ಷ ಬೇಕು. ನೆಡುವ ದಿನ ಆದ ತಪ್ಪು ನಮ್ಮ ಕಣ್ಣಿಗೆ ಬೀಳುವುದು ಐದನೆಯ ವರ್ಷ. ಅಷ್ಟರಲ್ಲಿ ನೀರು, ಗೊಬ್ಬರ, ಕೂಲಿ ಎಲ್ಲವೂ ಖರ್ಚಾಗಿರುತ್ತವೆ. ಕೊಳವೆ ಬಾವಿಗೆ ಮಾಡಿದ ಸಾಲವೂ ತಲೆಯ ಮೇಲಿರುತ್ತದೆ. ಆದುದರಿಂದ ಇಂದು ಹಣ್ಣಿನ ಮಾರಾಟ, ಬಹಾರ ಮೊದಲಾದ ವಿಷಯಗಳನ್ನು ಬದಿಗಿಟ್ಟು, ಸಸಿ ತರುವ ದಿನದಿಂದ ಎರಡು ವರ್ಷದವರೆಗಿನ ಆರೈಕೆಯನ್ನು ಮಾತ್ರ ಹೇಳುತ್ತೇನೆ.

ಈ ಮಾತನ್ನು ಲಿಂಬೆಯಿಂದ ಅಲ್ಲದೆ ಜುನಿಪರ್ ಎಂಬ ಬೇರೊಂದು ಗಿಡದಿಂದ ಆರಂಭಿಸುವುದಕ್ಕೆ ಕಾರಣವಿದೆ. ಪಟ್ಟಣದಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳು ಈಗ ಬೆಂಗಳೂರು, ಪುಣೆಯ ಕಡೆಯ ಸಸ್ಯಾಗಾರಗಳಿಂದ ಬೋನ್ಸಾಯ್ ಎಂಬ ಕುಬ್ಜ ಮರಗಳನ್ನು ಊರಿಗೆ ತರುತ್ತಿದ್ದಾರೆ. ಅವುಗಳಲ್ಲಿ ಜುನಿಪರ್ ಹೆಚ್ಚು ಮೆಚ್ಚುಗೆಯಾದುದು. "ತಿಂಗಳೊಪ್ಪತ್ತು ಹಸಿರಾಗಿಯೇ ಇತ್ತು ಸರ್, ಆಮೇಲೆ ಒಮ್ಮೆಲೆ ಒಣಗಿತು" ಎಂದು ಹೇಳಿಕೊಂಡು ಬರುವವರಿದ್ದಾರೆ. ಲಿಂಬೆ ಬೆಳೆಗಾರರು ಹೇಳುವುದೂ ಹೆಚ್ಚು ಕಡಿಮೆ ಇದೇ ಮಾತು: "ನಾಲ್ಕು ವರ್ಷ ಚೆನ್ನಾಗಿಯೇ ಇತ್ತು, ಬರ ಬಿದ್ದ ವರ್ಷ ಒಣಗಿತು." ಎರಡು ಪ್ರಶ್ನೆಗೂ ಉತ್ತರ ಮಣ್ಣಿನೊಳಗಿದೆ.

ಬೋನ್ಸಾಯ್ ಎಂದರೇನು?

ಬೋನ್ಸಾಯ್ ಜಪಾನಿ ಮಾತು. ತಟ್ಟೆಯಂಥ ಕುಂಡದಲ್ಲಿ ನೆಟ್ಟದ್ದು ಎಂದು ಅರ್ಥ. ಈ ವಿದ್ಯೆ ಮೊದಲು ಚೀನಾದಲ್ಲಿದ್ದು ಅಲ್ಲಿಂದ ಜಪಾನಿಗೆ ಹೋಯಿತು. ನಮ್ಮ ರಾಜ್ಯದಲ್ಲಿಯೂ ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಮೈಸೂರಿನ ಶ್ರೀ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಬೋನ್ಸಾಯ್ ತೋಟಗಳಿವೆ. ಕುಬ್ಜ ಮರವೆಂದರೆ ಬೇರೆ ಜಾತಿಯ ಮರವೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಹೊಲದ ಬದುವಿನಲ್ಲಿ ನೆಟ್ಟರೆ ಮುಗಿಲೆತ್ತರ ಬೆಳೆಯುವ ಆಲ, ಬಸರಿ, ಹುಣಸೆಗಳನ್ನೇ ಬೇರಿಗೆ ಜಾಗ ಕೊಡದೆ, ಕಾಲಕಾಲಕ್ಕೆ ಬೇರು ಮತ್ತು ಟೊಂಗೆಗಳನ್ನು ಕತ್ತರಿಸಿ ಮೊಳದೆತ್ತರದಲ್ಲಿ ನಿಲ್ಲಿಸುತ್ತಾರೆ. ಬೇರಿಗೆ ಜಾಗ ಕಡಿಮೆ ಮಾಡಿದರೆ ಮರವೂ ಚಿಕ್ಕದಾಗುತ್ತದೆ. ಈ ಒಂದು ಸಂಗತಿಯನ್ನು ಲಿಂಬೆ ಬೆಳೆಗಾರರು ನೆನಪಿಡಬೇಕು.

ಜುನಿಪರ್ ಏಕೆ ಸಾಯುತ್ತದೆ?

ಜುನಿಪರ್ ತಂಪು ಸೀಮೆಯ ಗಿಡ. ನಮ್ಮ ದೇಶದಲ್ಲಿ ಇದರ ಜಾತಿಗಳು ಹಿಮಾಲಯದ ಎತ್ತರದ ಭಾಗಗಳಲ್ಲಿ ತಾವಾಗಿ ಬೆಳೆಯುತ್ತವೆ. ಚಳಿಗಾಲದಲ್ಲಿ ಅದಕ್ಕೆ ವಿಶ್ರಾಂತಿ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ವಿಜಯಪುರ ಜಿಲ್ಲೆಯಲ್ಲಿ ಅದನ್ನು ಉಳಿಸುವುದು ಪ್ರಯಾಸದ ಕೆಲಸ. ಆದರೂ ತಂದವರು ಈ ಕೆಳಗಿನ ಕ್ರಮಗಳನ್ನು ಅನುಸರಿಸಿದರೆ ಉಳಿಯುವ ಸಂಭವವುಂಟು.

1. ಇದನ್ನು ಮನೆಯೊಳಗೆ, ಪಡಸಾಲೆಯ ಮೇಜಿನ ಮೇಲೆ ಇಡಬಾರದು. ಅದಕ್ಕೆ ಬಿಸಿಲು, ಗಾಳಿ ಬೇಕು. ಮುಂಜಾನೆಯ ಬಿಸಿಲು ಬೀಳಲಿ. ಮಾರ್ಚಿಯಿಂದ ಮೇ ತನಕ ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ ಕಟ್ಟಿರಿ.

2. ಗಡಿಯಾರ ನೋಡಿ ನೀರು ಹಾಕಬಾರದು. ಬೆರಳನ್ನು ಒಂದು ಅಂಗುಲ ಮಣ್ಣಿನೊಳಗೆ ತೂರಿಸಿ ನೋಡಿರಿ. ಮೇಲಿನ ಮಣ್ಣು ಆರುತ್ತ ಬಂದಾಗ, ತಳದ ತೂತಿನಿಂದ ಹೊರಬರುವಷ್ಟು ನೀರು ಕೊಡಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿರಬಾರದು.

3. ನಮ್ಮ ಎರೆ ಮಣ್ಣನ್ನು ಕುಂಡಕ್ಕೆ ತುಂಬಲೇಬಾರದು. ದಪ್ಪ ಮರಳು ಅಥವಾ ಇಟ್ಟಿಗೆಯ ಸಣ್ಣ ಚೂರು, ಸ್ವಲ್ಪ ಕಳಿತ ಗೊಬ್ಬರ ಕೂಡಿಸಿದ, ನೀರು ಸರಾಗವಾಗಿ ಬಸಿಯುವ ಮಿಶ್ರಣ ಬೇಕು.

4. ಎರಡು ಮೂರು ವರ್ಷಕ್ಕೊಮ್ಮೆ ಕುಂಡ ಬದಲಿಸುವಾಗ ಸುತ್ತಿಕೊಂಡ ಬೇರುಗಳನ್ನು ಬಿಡಿಸಿ, ತುದಿಗಳನ್ನು ಕತ್ತರಿಸಬೇಕು. ಒಂದೇ ಸಲ ಎಲ್ಲ ಮಣ್ಣನ್ನು ತೊಳೆದು ಬೇರನ್ನು ಬರಿದು ಮಾಡಿದರೆ ಗಿಡ ತಡೆಯಲಾರದು. ಹಾಗೆಯೇ ಟೊಂಗೆಯ ಹಸಿರನ್ನೆಲ್ಲ ತೆಗೆದರೆ ಆ ಟೊಂಗೆ ಮತ್ತೆ ಚಿಗುರುವುದಿಲ್ಲ.

ಜುನಿಪರಿನ ಗುಣವೊಂದು ಹೊಸಬರನ್ನು ಮೋಸಗೊಳಿಸುತ್ತದೆ. ಬೇರು ಸತ್ತ ಮೇಲೆಯೂ ಎಲೆ ಅನೇಕ ವಾರ ಹಸಿರಾಗಿಯೇ ಇರುತ್ತದೆ. ಎಲೆ ಕಂದಾದ ದಿನ ಗಿಡ ಸತ್ತಿತೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಸತ್ತು ತಿಂಗಳೇ ಆಗಿರುತ್ತದೆ. ಹವ್ಯಾಸಕ್ಕೆ ಕುಂಡದ ಮರ ಸಾಕಬೇಕೆನ್ನುವ ಯುವಕರು ಮೊದಲು ನಮ್ಮ ಬಸರಿ, ಆಲ, ಅತ್ತಿಗಳ ಮೇಲೆ ಕೈ ಪಳಗಿಸಿಕೊಳ್ಳುವುದು ಮೇಲು. ಅವು ನಮ್ಮ ಬಿಸಿಲಿಗೆ ಒಗ್ಗಿದ ಗಿಡಗಳು, ಬೇರು ಕತ್ತರಿಸಿದರೂ ತಾಳಿಕೊಳ್ಳುತ್ತವೆ.

ನಾವು ಅರಿಯದೆ ಮಾಡುವ ಬೋನ್ಸಾಯ್

ಬೋನ್ಸಾಯ್ ಸಾಕುವವನು ಬೇಕೆಂದೇ ಮರವನ್ನು ಚಿಕ್ಕದಾಗಿಡುತ್ತಾನೆ. ಅದಕ್ಕಾಗಿ ದಿನವೂ ಅದರ ಹತ್ತಿರ ನಿಂತು ನೀರು ಕೊಡುತ್ತಾನೆ. ನಾವಾದರೋ ಬೇಡವೆಂದರೂ ಅದೇ ಕೆಲಸ ಮಾಡಿ, ಆ ಗಿಡವನ್ನು ಸುಮಾರು 600 ಮಿ.ಮೀ. ಮಳೆಯ ಹೊಲಕ್ಕೆ ಒಪ್ಪಿಸುತ್ತೇವೆ. ಒಣಗಿದ ಲಿಂಬೆ ಗಿಡಗಳನ್ನು ಅಗೆದು ನೋಡಿದರೆ ಕೆಲವು ಕಡೆ ಬೇರು ಇಂದಿಗೂ ಚೀಲದ ಆಕಾರದಲ್ಲಿಯೇ ಸುತ್ತಿಕೊಂಡಿರುವುದು ಕಾಣುತ್ತದೆ. ಚೀಲ ಯಾವಾಗಲೋ ಹೋಗಿದೆ, ಆದರೆ ಬೇರು ಅದರಿಂದ ಹೊರಬಂದಿಲ್ಲ. ಇಂಥ ಗಿಡ ನೀರು ಇರುವವರೆಗೆ ಹಸಿರಾಗಿರುತ್ತದೆ. ಕೊಳವೆ ಬಾವಿ ಬತ್ತಿ, ಟ್ಯಾಂಕರ್ ನೀರಿಗೆ ಹಣ ಸುರಿಯುವ ಬೇಸಿಗೆಯಲ್ಲಿ ಮೊದಲು ಒಣಗುವುದು ಇದೇ. ಬೇರು ಆಳಕ್ಕೆ, ಅಗಲಕ್ಕೆ ಹೋದ ಗಿಡ ಅದೇ ಹೊಲದಲ್ಲಿ ಇನ್ನೂ ಕೆಲ ದಿನ ತಡೆದು ನಿಲ್ಲುತ್ತದೆ. ಆ ಕೆಲ ದಿನಗಳಲ್ಲಿ ಒಂದು ಮಳೆ ಬಂದರೆ ತೋಟ ಉಳಿಯಿತು.

ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹೆಸರು ಬಂದ ಮೇಲೆ ಹೊಸದಾಗಿ ಲಿಂಬೆ ಹಚ್ಚುವವರೂ ಇದ್ದಾರೆ. ಅವರು ಮೂರು ಕುಂಡಗಳ ಬಗ್ಗೆ ಎಚ್ಚರವಾಗಿರಬೇಕು. ಮೊದಲನೆಯದು ಪಾಲಿಥಿನ್ ಚೀಲ, ಎರಡನೆಯದು ನೆಡುವ ಗುಂಡಿ, ಮೂರನೆಯದು ನೀರಿನ ಪಾತಿ.

ಮೊದಲನೆಯ ಕುಂಡ: ಚೀಲ

ಸಸಿ ಕೊಳ್ಳುವಾಗ ಎತ್ತರ ನೋಡಿ ಮರುಳಾಗಬಾರದು. ಸಣ್ಣ ಚೀಲದಲ್ಲಿ ಎರಡು ವರ್ಷ ನಿಂತ ಮೂರು ಅಡಿ ಸಸಿಗಿಂತ, ಒಂದು ವರ್ಷದ ಒಂದೂವರೆಯಿಂದ ಎರಡು ಅಡಿ ಸಸಿ ಉತ್ತಮ. ಸಾಲಿನ ಅಂತರ 20 ಅಡಿ, ಗಿಡದ ಅಂತರ 20 ಅಡಿ ಇಟ್ಟರೆ ಎಕರೆಗೆ 108 ಗಿಡ ಹಿಡಿಯುತ್ತವೆ. ಇಷ್ಟು ಸಸಿ ಕೊಳ್ಳುವವರು ಎರಡು ಸಸಿಯ ಹಣ ಹೆಚ್ಚು ಕೊಟ್ಟು, ಅಲ್ಲಿಯೇ ಎರಡು ಚೀಲ ಹರಿದು ಬೇರು ನೋಡಬೇಕು. ಇದಕ್ಕೆ ಸಂಕೋಚ ಬೇಡ. ಎತ್ತು ಕೊಳ್ಳುವಾಗ ಹಲ್ಲು ನೋಡದೆ ಯಾರೂ ಹಗ್ಗ ಹಿಡಿಯುವುದಿಲ್ಲ.

ನೋಡಬೇಕಾದುದು ಇಷ್ಟು: ತಾಯಿ ಬೇರು ನೆಟ್ಟಗೆ ಇಳಿದಿದೆಯೋ, ಕೊಕ್ಕೆಯಂತೆ ಮೇಲಕ್ಕೆ ಬಾಗಿದೆಯೋ, ತಳದಲ್ಲಿ ಬೇರುಗಳು ಸಿಂಬಿ ಸುತ್ತಿವೆಯೋ, ಎಳೆಯ ಬಿಳಿ ಬೇರುಗಳಿವೆಯೋ, ಕಪ್ಪಗೆ ಕೊಳೆತಿವೆಯೋ, ಬುಡದಲ್ಲಿ ಗೋಂದು ಒಸರಿದೆಯೋ. ಎಲೆಯ ಮೇಲೆ ಕಜ್ಜಿ ರೋಗದ ಒರಟು ಕಂದು ಚುಕ್ಕೆಗಳಿದ್ದರೆ ಆ ಸಸಿ ಬೇಡ. ಕೊಕ್ಕೆ ಬೇರಿನ ಸಸಿಯನ್ನು ಪುಕ್ಕಟೆ ಕೊಟ್ಟರೂ ತರಬಾರದು.

ತಳದಲ್ಲಿ ಸ್ವಲ್ಪ ಮಾತ್ರ ಸುತ್ತಿದ್ದರೆ ಉಪಾಯವುಂಟು. ನೆಡುವ ದಿನ ಚೀಲವನ್ನು ಪೂರ್ತಿ ತೆಗೆದು, ಹರಿತವಾದ ಶುದ್ಧ ಚಾಕುವಿನಿಂದ ಮಣ್ಣಿನ ಹೆಂಟೆಯ ತಳವನ್ನು ಅರ್ಧದಿಂದ ಒಂದು ಅಂಗುಲ ಕತ್ತರಿಸಿರಿ. ಪಕ್ಕದಲ್ಲಿ ಮೂರು ನಾಲ್ಕು ಕಡೆ ಮೇಲಿಂದ ಕೆಳಗೆ ಅರ್ಧ ಅಂಗುಲ ಆಳಕ್ಕೆ ಗೀರಿರಿ. ಸುತ್ತುವ ಬೇರು ತುಂಡಾಗಿ ಅಲ್ಲಿಂದ ಹೊಸ ಬೇರು ಹೊರಮುಖವಾಗಿ ಹೊರಡುತ್ತದೆ. ಬೋನ್ಸಾಯ್ ಮಾಡುವವರು ಮಾಡುವುದೂ ಇದನ್ನೇ. ಮೋಡದ ದಿನ ಅಥವಾ ಸಂಜೆ ಈ ಕೆಲಸ ಮಾಡಿ ಕೂಡಲೇ ನೆಟ್ಟು ನೀರು ಕೊಡತಕ್ಕದ್ದು. ಬೇರು ಹೆಚ್ಚು ಕತ್ತರಿಸಿದ್ದಲ್ಲಿ ಎಲೆಯ ಭಾರವನ್ನೂ ಸ್ವಲ್ಪ ಇಳಿಸಬೇಕು.

ಸ್ವಂತ ಸಸಿ ಬೆಳೆಸುವವರು ಹತ್ತು ವರ್ಷ ದಾಟಿದ, ರೋಗವಿಲ್ಲದ, ಪ್ರತಿ ವರ್ಷ ಫಲ ಕೊಡುವ ತಾಯಿ ಗಿಡ ಆರಿಸಿ, ಅದರ ಹಳದಿಯಾದ ಹಣ್ಣಿನ ಬೀಜ ತೆಗೆಯಬೇಕು. ಬೂದಿ ಹಚ್ಚಿ ಲೋಳೆ ತೊಳೆದು ನೆರಳಿನಲ್ಲಿ ಆರಿಸಿ ಕೆಲವೇ ದಿನಗಳಲ್ಲಿ ಬಿತ್ತಬೇಕು. ಲಿಂಬೆ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಒಂದೇ ಬೀಜದಿಂದ ಎರಡು ಮೂರು ಸಸಿ ಬರುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಯ ಗುಣದವು. ಬಲಹೀನವಾದುದನ್ನು, ಎಲೆಯ ಆಕಾರ ಬೇರೆಯಾಗಿರುವುದನ್ನು ಕಿತ್ತು ಹಾಕಿರಿ. ಸಸಿ ಮಡಿಯಿಂದ ಚೀಲಕ್ಕೆ ಬದಲಿಸುವಾಗಲೇ ಕೊಕ್ಕೆ ಬೇರು ಹುಟ್ಟುವುದು. ಬೆರಳಿನಿಂದ ಒತ್ತಿ ಉದ್ದ ಬೇರನ್ನು ಮಡಚಿ ತುರುಕುವ ರೂಢಿ ಬಿಡಬೇಕು. ಬೇರು ಉದ್ದವಿದ್ದರೆ ತುದಿ ಚಿವುಟಿ ನೆಟ್ಟಗೆ ಇಳಿಸಿರಿ.

ಚೀಲ 6 ಅಂಗುಲ ಅಗಲ, 9ರಿಂದ 10 ಅಂಗುಲ ಎತ್ತರಕ್ಕೆ ಕಡಿಮೆ ಇರಬಾರದು, ತಳದಲ್ಲಿ ತೂತುಗಳಿರಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ತುಂಬಿರಿ. ಬರೀ ಎರೆ ಮಣ್ಣು ತುಂಬಿದರೆ ಅದು ಒಣಗಿ ಕುಗ್ಗಿ ಚೀಲದ ಗೋಡೆಯಿಂದ ಬಿಡುತ್ತದೆ. ಹಾಕಿದ ನೀರು ಆ ಸಂದಿನಲ್ಲಿ ಇಳಿದು ಹೋಗಿ, ನಡುವಿನ ಬೇರಿಗೆ ಹನಿಯೂ ಸಿಗುವುದಿಲ್ಲ. ಮೇಲೆ ನೋಡಿದರೆ ನೀರು ಹಾಕಿದಂತೆಯೇ ಕಾಣುತ್ತದೆ.

ನೀರಿನ ಗುಣವನ್ನೂ ನೋಡಿರಿ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಮಾತು ಮಣ್ಣಿನ ಮಟ್ಟಿಗೆ ಸರಿ. ಆದರೆ ಡೋಣಿ ದಂಡೆಯ ನೀರು ಸವಳು. ಲಿಂಬೆ ಸವಳಿಗೆ ತಾಳದ ಗಿಡ. ಚೀಲದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದರೆ, ಎಲೆಯ ತುದಿ ಸುಟ್ಟಂತಾದರೆ ಲವಣ ಕೂಡಿದೆ ಎಂದು ತಿಳಿಯಿರಿ. ತೋಟ ಹಾಕುವ ಮೊದಲೇ ಬಾವಿಯ ನೀರು, ಹೊಲದ ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಬೇಕು. ವರದಿ ಸರಿಯಿಲ್ಲದಿದ್ದರೆ ಲಿಂಬೆಯ ಆಸೆ ಬಿಡುವುದೇ ಲಾಭ.

ಎರಡನೆಯ ಕುಂಡ: ಗುಂಡಿ

ಹೊಲದಲ್ಲಿ ತೋಡುವ ಗುಂಡಿಯೂ ಕುಂಡವಾಗಬಲ್ಲದು. ಎರೆ ಹೊಲದಲ್ಲಿ ಹಸಿ ಇರುವಾಗ ತೋಡಿದರೆ ಗುಂಡಿಯ ಗೋಡೆ ಸಾರಿಸಿದಂತೆ ನುಣುಪಾಗುತ್ತದೆ. ಬೇರು ಆ ಗೋಡೆಯನ್ನು ಭೇದಿಸಲಾರದೆ ಒಳಗೇ ಸುತ್ತುತ್ತದೆ. ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ಆದುದರಿಂದ ಗುಂಡಿಯನ್ನು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತೋಡಿ ಕಾಯಲು ಬಿಡಬೇಕು. ಎರಡು ಅಡಿ ಉದ್ದ, ಅಗಲ, ಆಳ ಸಾಕು. ತುಂಬುವ ಮೊದಲು ಗೋಡೆ ಮತ್ತು ತಳವನ್ನು ಗುದ್ದಲಿಯಿಂದ ಕೆತ್ತಿ ಒರಟು ಮಾಡಿರಿ.

ತುಂಬಲು ಅದೇ ಹೊಲದ ಮೇಲ್ಮಣ್ಣು ಮತ್ತು 20 ಕಿಲೋ ಕಳಿತ ಗೊಬ್ಬರ ಸಾಕು. ಗುಂಡಿಯನ್ನು ಬರೀ ಮರಳು, ಗೊಬ್ಬರದಿಂದ ತುಂಬಿದರೆ ಬೇರು ಆ ಮೆತ್ತನೆಯ ಜಾಗ ಬಿಟ್ಟು ಹೊರಗೆ ಹೋಗಲು ಒಪ್ಪುವುದಿಲ್ಲ. ಆಳವಾದ ಅಂಟು ಎರೆಯಲ್ಲಿ ನೀರು ಬಸಿಯದಿದ್ದರೆ ಏರು ಮಡಿ ಮಾಡಿ ಅದರ ಮೇಲೆ ನೆಡಬೇಕು. ತೆಳುವಾದ ಮಡ್ಡಿ ನೆಲದಲ್ಲಿ ಕೆಳಗೆ ಗರಸು ಇದೆಯೋ, ಬಂಡೆ ಇದೆಯೋ ಎಂದು ಅಗೆದು ನೋಡಿರಿ. ಗರಸಿನಲ್ಲಿ ಬೇರು ದಾರಿ ಮಾಡಿಕೊಳ್ಳುತ್ತದೆ, ಬಂಡೆಯಲ್ಲಿ ಇಲ್ಲ.

ಮುಂಗಾರು ಹಿಡಿದು ನೆಲ ಹಸಿಯಾದ ಮೇಲೆ, ಜೂನ್ ಕೊನೆಯಿಂದ ಆಗಸ್ಟದೊಳಗೆ, ಸಂಜೆಯ ಹೊತ್ತು ನೆಡಬೇಕು. ಕಾಂಡ ಮತ್ತು ಬೇರು ಕೂಡುವ ಜಾಗ ನೆಲಕ್ಕಿಂತ ಸ್ವಲ್ಪ ಮೇಲಿರಲಿ, ಏಕೆಂದರೆ ಮಣ್ಣು ಕುಸಿದಾಗ ಗಿಡವೂ ಇಳಿಯುತ್ತದೆ. ಕೂಲಿಗೆ ನೆಡಿಸುವವರು ಖಾಲಿ ಚೀಲಗಳನ್ನು ಎಣಿಸಿ ತೆಗೆದುಕೊಳ್ಳಿರಿ. 108 ಗಿಡಕ್ಕೆ 108 ಚೀಲ ಕೈಗೆ ಬಂದರೆ ಮಾತ್ರ ಯಾವ ಸಸಿಯೂ ಚೀಲದೊಡನೆ ಮಣ್ಣು ಸೇರಲಿಲ್ಲ ಎಂದು ಖಾತ್ರಿ.

ಮೂರನೆಯ ಕುಂಡ: ಪಾತಿ

ನೆಟ್ಟ ದಿನ ಮಾಡಿದ ಒಂದು ಅಡಿ ಪಾತಿಗೇ ಮೂರು ವರ್ಷ ನೀರು ಹಾಯಿಸುವವರಿದ್ದಾರೆ. ಬೇರು ನೀರಿದ್ದಲ್ಲಿಯೇ ನಿಲ್ಲುತ್ತದೆ. ನಾಳೆ ನೀರು ತಪ್ಪಿದರೆ ಅದಕ್ಕೆ ಬೇರೆ ಆಸರೆ ಇರುವುದಿಲ್ಲ. ಗಿಡದ ಕೊಡೆ ಅಗಲವಾದಂತೆ ಪಾತಿಯನ್ನೂ ಅಗಲ ಮಾಡಬೇಕು. ಕಾಂಡದ ಸುತ್ತ ಮಣ್ಣು ಏರಿಸಿ, ಹೊರಗಿನ ಉಂಗುರದಲ್ಲಿ ಮಾತ್ರ ನೀರು ನಿಲ್ಲುವಂತೆ ಎರಡು ಉಂಗುರದ ಪಾತಿ ಮಾಡುವುದು ಶ್ರೇಷ್ಠ. ಕಾಂಡಕ್ಕೆ ನೀರು ತಾಗದಿದ್ದರೆ ಗೋಂದು ಸೋರುವ ಬುಡ ಕೊಳೆ ರೋಗ ಕಡಿಮೆ. ಹನಿ ನೀರಾವರಿ ಇದ್ದವರು ಮೊದಲು ಕಾಂಡದಿಂದ ಅರ್ಧ ಅಡಿ ದೂರದಲ್ಲಿ ಎರಡು ಹನಿಕೆ ಇಟ್ಟು, ಎರಡನೆಯ ವರ್ಷ ಅವನ್ನು ಒಂದೂವರೆ ಅಡಿಗೆ ಸರಿಸಿರಿ. ದಿನವೂ ಚೂರು ಚೂರು ನೀರಿಗಿಂತ, ಮಣ್ಣು ನೋಡಿ ಅಂತರ ಬಿಟ್ಟು ಆಳಕ್ಕೆ ಇಳಿಯುವಂತೆ ಕೊಡುವುದು ಮೇಲು. ಇಲ್ಲಿಯೂ ಬೆರಳೇ ಮಾಪಕ, ಆದರೆ ಹೊಲದಲ್ಲಿ ಕುರ್ಪಿಯಿಂದ ಗೇಣು ಆಳ ಕೆದರಿ ನೋಡಬೇಕು.

ಪಾತಿಗೆ ಕಬ್ಬಿನ ರವದಿ ಹೊದಿಸಿದರೆ ತೇವ ಉಳಿಯುತ್ತದೆ. ಗೆದ್ದಲು ಹತ್ತದಂತೆ ಕಾಂಡದಿಂದ ಗೇಣು ದೂರ ಬಿಡಿರಿ. ಸಾಲಿನ ನಡುವೆ ಶೇಂಗಾ, ಹೆಸರು, ಕಡಲೆ ಬೆಳೆಯಬಹುದು. ಕಬ್ಬು ಬೇಡ, ಅದರ ನೀರು ಲಿಂಬೆಗೆ ವಿಷ.

ಎರಡು ವರ್ಷದ ಇತರ ಆರೈಕೆ

ಬೋನ್ಸಾಯ್‌ನಂತೆ ಲಿಂಬೆಯನ್ನು ಕತ್ತರಿಸುತ್ತ ಕೂಡಬೇಕಿಲ್ಲ. ನೆಲದಿಂದ ಒಂದೂವರೆ ಎರಡು ಅಡಿವರೆಗಿನ ಚಿಗುರುಗಳನ್ನು ಎಳೆಯದಿರುವಾಗಲೇ ಚಿವುಟಿ, ಉಳಿದುದನ್ನು ಬೆಳೆಯಗೊಡಿರಿ.

ಹೊಸ ಚಿಗುರಿನ ಮೇಲೆ ಬೆಳ್ಳಿಯ ಗೆರೆಯಂಥ ಸುರುಳಿ ದಾರಿ ಕಂಡರೆ ಅದು ಎಲೆ ಸುರಂಗ ಕೀಟ. ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಿರಿ. ಈ ಕೀಟ ಮಾಡಿದ ಗಾಯದಿಂದಲೇ ಕಜ್ಜಿ ರೋಗ ಒಳಹೋಗುತ್ತದೆ. ಕಜ್ಜಿಗೆ ರೋಗದ ಟೊಂಗೆ ಕತ್ತರಿಸಿ ಸುಟ್ಟು, ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಬೇಕು. ಹಕ್ಕಿಯ ಹಿಕ್ಕೆಯಂತೆ ಎಲೆಯ ಮೇಲೆ ಕುಳಿತಿರುವುದು ಲಿಂಬೆ ಚಿಟ್ಟೆಯ ಮರಿ ಹುಳು. ಎರಡು ವರ್ಷದ ಗಿಡದಲ್ಲಿ ಕೈಯಿಂದಲೇ ಆರಿಸಿ ಕೊಲ್ಲಬಹುದು.

ಸುಣ್ಣದಂಶ ಹೆಚ್ಚಿರುವ ನಮ್ಮ ಎರೆಯಲ್ಲಿ ನರ ಹಸಿರಾಗಿ, ಎಲೆ ಹಳದಿಯಾಗುವುದು ಸಾಮಾನ್ಯ. ಸತುವಿನ ಕೊರತೆಗೆ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಬೆರೆಸಿದ ದ್ರಾವಣ. ಕಬ್ಬಿಣದ ಕೊರತೆಗೆ ಲೀಟರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್, ಸ್ವಲ್ಪ ಲಿಂಬೆ ರಸ. ಇವೆರಡನ್ನೂ ಬೇರೆ ಬೇರೆ ದಿನ, ಎಳೆಯ ಎಲೆಗೆ ಸಿಂಪಡಿಸಿರಿ. ಆದರೆ ಹಳದಿ ಎಲೆಗೆಲ್ಲ ಔಷಧ ಹೊಡೆಯುವ ಮೊದಲು ಬುಡದಲ್ಲಿ ನೀರು ನಿಂತಿದೆಯೇ ಎಂದು ಕೆದರಿ ನೋಡತಕ್ಕದ್ದು.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಕೋರಿಕೆ. ಮುಂದಿನ ಪ್ರಾತ್ಯಕ್ಷಿಕೆಯಲ್ಲಿ ಔಷಧದ ಪಂಪಿಗಿಂತ ಮೊದಲು ಎರಡು ಸಸಿ ತಂದು, ಜನರೆದುರು ಚೀಲ ಹರಿದು, ಬಕೆಟ್ ನೀರಿನಲ್ಲಿ ಬೇರು ತೊಳೆದು ತೋರಿಸಿರಿ. ನೆಟ್ಟಗಿನ ಬೇರು ಯಾವುದು, ಸಿಂಬಿ ಸುತ್ತಿದ್ದು ಯಾವುದು ಎಂದು ಒಮ್ಮೆ ಕಣ್ಣಾರೆ ನೋಡಿದವರು ಮತ್ತೆ ಮೋಸ ಹೋಗುವುದಿಲ್ಲ. ಅನೇಕ ಮನೆಗಳಲ್ಲಿ ಸಸಿಗೆ ನೀರು ಹಾಕುವವರು ಹೆಣ್ಣುಮಕ್ಕಳು. ಆದುದರಿಂದ ಅವರನ್ನೂ ಕರೆದು ತೋರಿಸಬೇಕು.

ಈ ವರ್ಷ ಲಿಂಬೆ ಹಚ್ಚುವವರು ಮೇ ತಿಂಗಳೊಳಗೆ ಮಣ್ಣು, ನೀರಿನ ಪರೀಕ್ಷೆ ಮುಗಿಸಿ ಗುಂಡಿ ತೋಡಿರಲಿ. ಸಸಿಯನ್ನು ಮಳೆ ಬಂದ ಮೇಲೆ ಅವಸರದಲ್ಲಿ ಹುಡುಕದೆ ಈಗಲೇ ಹೋಗಿ ನೋಡಿ ಗೊತ್ತು ಮಾಡಿರಿ. ಸಂಶಯ ಬಂದಲ್ಲಿ ಇಂಡಿಯ ಕೃಷಿ ವಿಜ್ಞಾನ ಕೇಂದ್ರ, ಲಿಂಬೆ ಅಭಿವೃದ್ಧಿ ಮಂಡಳಿ ಅಥವಾ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯವರನ್ನು ಕೇಳಿರಿ. ಹೋಗುವಾಗ ಎಲೆಯೊಂದನ್ನೇ ಕಿತ್ತು ಒಯ್ಯದೆ, ಸಾಧ್ಯವಿದ್ದರೆ ಗಿಡವನ್ನು ಬೇರು ಸಹಿತ ಒಯ್ಯಿರಿ.